ಎಡಗುಳಿ, ಬಲಗುಳಿ

ನನ್ನ ಸೈಕಲ್ಲಿನ ಚರ್ಮದ ಸೀಟಿಗೆ ಈಗ ಆರು ವರ್ಷ. ತಂದಾಗ ಜೇನಿನ ಬಣ್ಣವಿತ್ತು, ಈಗ ಹುಣಸೆ ಬೀಜದ ಬಣ್ಣಕ್ಕೆ ತಿರುಗಿದೆ. ಮೇಲೆ ಎರಡು ಗುಳಿಗಳು ಮೂಡಿವೆ. ಎಡಗಡೆಯದು 7 ಮಿಲಿಮೀಟರ್ ಆಳ, ಬಲಗಡೆಯದು 5. ಸಂಜೆಯ ಬೆಳಕು ಓರೆಯಾಗಿ ಬಿದ್ದಾಗ ಎರಡರ ಅಂಚೂ ನೆರಳು ಕಟ್ಟಿಕೊಂಡು ಎದ್ದು ಕಾಣುತ್ತವೆ. ಕಣ್ಣು ಮುಚ್ಚಿ ಕೈಯಾಡಿಸಿದರೂ ಇದು ನನ್ನ ಸೀಟು ಎಂದು ಹೇಳಬಲ್ಲೆ.

ಮೊನ್ನೆ ತಮ್ಮ ತನಗೂ ಇಂಥದೇ ಒಂದು ಸೀಟು ಕೊಂಡ. ಫೋನಿನಲ್ಲಿ ಅವನಿಗೆ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಂದೆಡೆ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಸೀಟಿನೊಳಗೆ ಸ್ಪಂಜು ಇಲ್ಲ, ಜೆಲ್ ಇಲ್ಲ, ತಳಕ್ಕೆ ಪ್ಲಾಸ್ಟಿಕ್ಕಿನ ತಟ್ಟೆಯೂ ಇಲ್ಲ. ಹಿಂದೆ ಒಂದು ಕಬ್ಬಿಣದ ಬಿಲ್ಲು, ಮುಂದೆ ಮೂತಿಯ ಬಳಿ ಒಂದು ಕಬ್ಬಿಣದ ತುಂಡು, ಎರಡನ್ನೂ ಕೂಡಿಸುವ ಕಂಬಿಗಳು. ಅವುಗಳ ನಡುವೆ ಸುಮಾರು 5 ಮಿಲಿಮೀಟರ್ ದಪ್ಪದ ಒಂದೇ ಒಂದು ಚರ್ಮದ ಹಾಳೆಯನ್ನು ಎಳೆದು ರಿವೆಟ್ ಹೊಡೆದಿರುತ್ತಾರೆ. ನಾವು ಕುಳಿತುಕೊಳ್ಳುವುದು ಬಿಗಿದ ಜೋಲಿಯ ಮೇಲೆ ಎಂದುಕೊಳ್ಳಿ. ಮೂತಿಯ ಕೆಳಗೆ ಒಂದು ಬೋಲ್ಟ್ ಇರುತ್ತದೆ. ಅದನ್ನು ತಿರುಗಿಸಿದರೆ ಮೂತಿ ಮುಂದಕ್ಕೆ ಸರಿದು ಚರ್ಮ ಬಿಗಿಯಾಗುತ್ತದೆ. ಯಂತ್ರವೆಲ್ಲ ಇಷ್ಟೇ. ಇದರ ಆರೈಕೆಯ ಸರಿ ತಪ್ಪುಗಳೆಲ್ಲ ಈ ರಚನೆಯಿಂದಲೇ ಹುಟ್ಟುತ್ತವೆ. ಎಳೆದು ಕಟ್ಟಿದ ಚರ್ಮ ತನ್ನ ಬಿಗಿಯನ್ನು ಉಳಿಸಿಕೊಳ್ಳಬೇಕು, ಹಾಗೆಯೇ ಭಾರ ಬೀಳುವ ಎರಡು ಜಾಗದಲ್ಲಿ ಮಾತ್ರ ಬಗ್ಗಬೇಕು.

ಇದು ನನಗೆ ಅರ್ಥವಾಗಿದ್ದು ಮೊದಲನೆಯ ಸೀಟನ್ನು ಹಾಳು ಮಾಡಿಕೊಂಡ ಮೇಲೆ. ಚರ್ಮ ಮೆತ್ತಗಾಗಲು ಎಣ್ಣೆ ಕುಡಿಸಬೇಕು ಎಂದು ಯಾರೋ ಹೇಳಿದ್ದರು. ಹಾಳೆಯ ಮೇಲೂ ಕೆಳಗೂ ಎಣ್ಣೆ ಸವರಿ, ಒಂದು ರಾತ್ರಿ ಬಟ್ಟೆಯಲ್ಲಿ ಸುತ್ತಿಟ್ಟೆ. ಬೆಳಿಗ್ಗೆ ಅದು ಎಲ್ಲವನ್ನೂ ಹೀರಿಕೊಂಡಿತ್ತು. ನಾನು ಸಂತೋಷದಿಂದ ಇನ್ನೊಂದು ಸುತ್ತು ಸವರಿದೆ. ಮೊದಲ ವಾರ ಸ್ವರ್ಗ. ಮೂರನೆಯ ತಿಂಗಳಿಗೆ ನಡುಭಾಗ ಜೋತುಬಿದ್ದು, ಪಕ್ಕದ ಮಡಿಕೆಗಳು ಹೊರಕ್ಕೆ ಅರಳಿ ತೊಡೆಯನ್ನು ಉಜ್ಜತೊಡಗಿದವು. ಬೋಲ್ಟ್ ತಿರುಗಿಸಿದೆ. ಮತ್ತೆ ಜೋತುಬಿತ್ತು, ಮತ್ತೆ ತಿರುಗಿಸಿದೆ. ಬೋಲ್ಟಿನ ಸುತ್ತುಗಳು ಮುಗಿದವು, ಚರ್ಮ ಹಿಗ್ಗುವುದು ಮುಗಿಯಲಿಲ್ಲ. ಕೊನೆಗೆ ಗುಂಡಿಗೆ ಬಿದ್ದಾಗಲೆಲ್ಲ ಮೂಳೆ ಕೆಳಗಿನ ಕಂಬಿಗೆ ತಾಗುತ್ತಿತ್ತು. ಎಣ್ಣೆ ಹೆಚ್ಚಾದರೆ ಚರ್ಮದ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಜಾರಿದ ಎಳೆ ಹಿಂದಕ್ಕೆ ಬರುವುದಿಲ್ಲ. ಹತ್ತಾರು ವರ್ಷ ಬಾಳಬೇಕಾದ ವಸ್ತುವನ್ನು ಹೀಗೆ ಅವಸರದಲ್ಲಿ ಕೆಡಿಸಿಕೊಂಡದ್ದು ಇಂದಿಗೂ ನೋವು ಕೊಡುತ್ತದೆ.

ಎರಡನೆಯದನ್ನು ಕೊಳ್ಳುವ ಮುಂಚೆ ಅಳತೆ ತೆಗೆದೆ. ಅಲೆಅಲೆಯಾದ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲೆ ಹಾಸಿ, ಮಂಡಿ ಸ್ವಲ್ಪ ಮೇಲೆತ್ತಿ, ಒಂದು ನಿಮಿಷ ಭಾರ ಬಿಟ್ಟು ಕುಳಿತೆ. ಕುಳಿತಾಗ ನಮ್ಮ ಭಾರ ಹೊರುವ ಎರಡು ಮೂಳೆಗಳ ಗುರುತು ರಟ್ಟಿನಲ್ಲಿ ಅಚ್ಚಾಗಿ ಮೂಡುತ್ತದೆ. ಎರಡು ಗುರುತುಗಳ ನಡು ಬಿಂದುಗಳ ಅಂತರ ನನಗೆ 13 ಸೆಂಟಿಮೀಟರ್ ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. ಚರ್ಮದ ಸೀಟಿನ ಹಿಂಭಾಗದಲ್ಲಿ ಕಬ್ಬಿಣದ ಬಿಲ್ಲು ಅಂಚಿನವರೆಗೂ ಬರುವುದರಿಂದ, ಕಂಪನಿ ಹೇಳುವ ಅಗಲವೆಲ್ಲ ಕೂರಲು ಸಿಗುವುದಿಲ್ಲ. ಮೂಳೆಗಳು ಬಿಲ್ಲಿನ ಮೇಲೋ ರಿವೆಟ್ಟಿನ ಮೇಲೋ ಬಿದ್ದರೆ ಸಾವಿರ ಕಿಲೋಮೀಟರ್ ತುಳಿದರೂ ಆ ಸೀಟು ಹದಕ್ಕೆ ಬಾರದು. ಕಬ್ಬಿಣಕ್ಕೆ ಹದವೆಲ್ಲಿಯದು?

ಹಾಗಾಗಿ ಬ್ರೂಕ್ಸ್ ಎಂಬ ಕಂಪನಿಯ, 175 ಮಿಲಿಮೀಟರ್ ಅಗಲದ ಬಿ17 ಎಂಬ ಮಾದರಿ ತೆಗೆದುಕೊಂಡೆ. ನೆಟ್ಟಗೆ ಕುಳಿತು ಓಡಿಸುವವರಿಗೆ ಇನ್ನೂ ಅಗಲವಾದ, ಕೆಳಗೆ ಸ್ಪ್ರಿಂಗ್ ಇರುವ ಬಿ67 ಒಪ್ಪುತ್ತದೆ. ಹ್ಯಾಂಡಲ್ಲಿಗೆ ಬಾಗಿ ವೇಗವಾಗಿ ಹೋಗುವವರಿಗೆ ಸ್ವಿಫ್ಟ್‌ನಂಥ ಕಿರಿದಾದದ್ದು. ಬಾಗಿದಷ್ಟೂ ಕಿರಿದು, ನೆಟ್ಟಗಾದಷ್ಟೂ ಅಗಲ ಎಂಬ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ನಡುವೆ ಸೀಳು ಬಿಟ್ಟ ಸೀಟುಗಳೂ ಇವೆ. ಮೃದುವಾದ ಭಾಗಕ್ಕೆ ಒತ್ತಡ ಬಿದ್ದು ಮರಗಟ್ಟುವ ತೊಂದರೆ ಇರುವವರು ಮುಜುಗರ ಬಿಟ್ಟು ಅದನ್ನೇ ಕೇಳಿ ಪಡೆಯಬೇಕು. ಪ್ರಾಣಿಯ ಚರ್ಮ ಬೇಡ ಎನ್ನುವವರಿಗೆ ಇದೇ ಕಂಪನಿ ರಬ್ಬರು ಮತ್ತು ಹತ್ತಿ ಬಟ್ಟೆಯಿಂದ ಮಾಡುವ ಕ್ಯಾಂಬಿಯಂ ಇದೆ. ಅದು ಮೊದಲ ದಿನದಿಂದಲೇ ಬಾಗುತ್ತದೆ, ಮಳೆಗೂ ಹೆದರುವುದಿಲ್ಲ. ಗುಳಿ ಮಾತ್ರ ಮೂಡುವುದಿಲ್ಲ.

ಬ್ರೂಕ್ಸ್ ಶುರುವಾದದ್ದು 1866ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಆಗ ಕುದುರೆಯ ಸಜ್ಜು ಮುಂತಾದ ಚರ್ಮದ ಸಾಮಾನು ಮಾಡುತ್ತಿದ್ದ. ಕುದುರೆ ಸತ್ತು ಬೇರೆ ದಾರಿಯಿಲ್ಲದೆ ಸೈಕಲ್ ಹತ್ತಿದ, ಅದರ ಸೀಟಿನ ಹಿಂಸೆ ತಾಳಲಾರದೆ ತಾನೇ ಒಂದನ್ನು ಮಾಡಿದ ಎಂಬುದು ಕಂಪನಿ ಹೇಳಿಕೊಳ್ಳುವ ಕತೆ. ಸೀಟಿನ ಮೊದಲ ಪೇಟೆಂಟ್ 1882ರದು. 2002ರಿಂದ ಕಂಪನಿ ಇಟಲಿಯ ಸೆಲ್ಲೆ ರಾಯಲ್ ಕೈಯಲ್ಲಿದೆ. ನೂರು ವರ್ಷಕ್ಕೂ ಹಿಂದಿನ ಬಿ17ರ ಪಕ್ಕ ಇಂದಿನದನ್ನು ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆ ಸ್ಥಿರತೆ ನನಗೆ ಬಹಳ ಇಷ್ಟ.

ಜೋಡಿಸುವಾಗ ಎರಡು ಎಚ್ಚರಿಕೆ. ಈ ಸೀಟು ಮಾಮೂಲಿ ಸೀಟಿಗಿಂತ ಎತ್ತರ, ಆದ್ದರಿಂದ ಹಳೆಯದನ್ನು ಬಿಚ್ಚುವ ಮೊದಲೇ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಟೇಪು ಹಿಡಿದು ಅಳೆದಿಟ್ಟುಕೊಂಡು ಅಷ್ಟಕ್ಕೇ ಇಳಿಸಬೇಕು. ಇನ್ನೊಂದು, ಕೆಳಗಿನ ಕಂಬಿಗಳಲ್ಲಿ ಹಿಂದೆ ಮುಂದೆ ಸರಿಸಲು ಜಾಗ ಕಡಿಮೆ. ನನಗೆ ಸೀಟು ಎಷ್ಟು ಹಿಂದಕ್ಕೆ ತಳ್ಳಿದರೂ ಸಾಲದೆ, ತುದಿ ಹಿಂದಕ್ಕೆ ಬಾಗಿದ ಸೀಟ್‌ಪೋಸ್ಟ್ ಹಾಕಬೇಕಾಯಿತು. ಮೂತಿಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿ. ನೆಲಮಟ್ಟಕ್ಕೆ ಇಟ್ಟರೆ, ಚರ್ಮ ನುಣುಪಾಗಿರುವುದರಿಂದ ದೇಹ ಮುಂದಕ್ಕೆ ಜಾರುತ್ತದೆ. ಅದನ್ನು ತಡೆಯಲು ಅಂಗೈಗಳು ಹ್ಯಾಂಡಲ್ಲನ್ನು ಒತ್ತುತ್ತವೆ. ಎರಡು ವಾರ ನನ್ನ ಕೈ ಜೋಮು ಹಿಡಿದದ್ದು ಇದರಿಂದಲೇ.

ಇನ್ನು ಹದ. ಹೊಸ ಸೀಟನ್ನು ಬೆರಳಿನಿಂದ ತಟ್ಟಿದರೆ ಹಲಗೆ ತಟ್ಟಿದ ಸದ್ದು ಬರುತ್ತದೆ. ಹೆಬ್ಬೆರಳು ಒತ್ತಿದರೂ ಜಗ್ಗುವುದಿಲ್ಲ. ಮರದ ತೊಗಟೆಯ ಒಗರಿನಲ್ಲಿ ತಿಂಗಳುಗಟ್ಟಲೆ ಹದ ಮಾಡಿದ ದಪ್ಪ ಚರ್ಮವದು. ಭಾರ, ಮೈಯ ಶಾಖ, ಒಂದಿಷ್ಟು ಬೆವರಿನ ತೇವ ಇವು ಮೂರೂ ಸೇರಿ ನಿಧಾನವಾಗಿ ಬಗ್ಗಿಸಬೇಕು. ನಾನು ಮೊದಲ ತಿಂಗಳು ದಿನಕ್ಕೆ 10 ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ. ಸುಮಾರು 300 ಕಿಲೋಮೀಟರ್ ದಾಟಿದ ಮೇಲೆ ಒಂದು ಬೆಳಿಗ್ಗೆ, ಸೀಟಿನ ವಿಷಯ ಮರೆತೇಹೋಗಿದೆ ಎಂಬುದು ಮನೆಗೆ ಬಂದು ಇಳಿದಾಗ ಗಮನಕ್ಕೆ ಬಂತು. ಅಂದು ತಟ್ಟಿ ನೋಡಿದೆ. ಮೂತಿಯ ಬಳಿ ಹಲಗೆಯ ಸದ್ದೇ ಇತ್ತು, ಹಿಂದೆ ಎರಡು ಕಡೆ ಮಾತ್ರ ಸದ್ದು ಮಂದವಾಗಿತ್ತು. ಕೆಲವರಿಗೆ ಇದಕ್ಕೆ 100 ಕಿಲೋಮೀಟರ್ ಸಾಕಾಗಬಹುದು, ಕೆಲವರಿಗೆ 1000 ಬೇಕಾಗಬಹುದು. ನೋವು ಮೂಳೆಯ ಮೇಲಿದ್ದರೆ ಕಾಯಿರಿ. ಮರಗಟ್ಟುತ್ತಿದ್ದರೆ ಕಾಯಬೇಡಿ, ಮೂತಿಯ ಓರೆಯನ್ನೋ ಸೀಟಿನ ಎತ್ತರವನ್ನೋ ಸರಿಪಡಿಸಿ. ಅದೂ ಆಗದಿದ್ದರೆ ಆ ಸೀಟು ನಿಮ್ಮದಲ್ಲ.

ಈ ಸೀಟಿನ ಶತ್ರು ನೀರು. ಎಲ್ಲರೂ ಮೇಲಿನಿಂದ ಬೀಳುವ ಮಳೆಯ ಬಗ್ಗೆ ಯೋಚಿಸುತ್ತಾರೆ. ಮೇಲ್ಮೈ ಮೆರುಗು ಹಿಡಿದು ಮುಚ್ಚಿಕೊಂಡಿರುತ್ತದೆ, ತುಂತುರು ಮಳೆಯನ್ನು ಅದು ತಡೆದೀತು. ಒಮ್ಮೆ ಸೀಟನ್ನು ತಿರುಗಿಸಿ ಕೆಳಭಾಗ ನೋಡಿ. ಅಲ್ಲಿ ಚರ್ಮ ಒರಟಾಗಿ, ಬೋಳಾಗಿ, ಎಳೆ ಎಳೆಯಾಗಿ ತೆರೆದುಕೊಂಡಿರುತ್ತದೆ. ಹಿಂದಿನ ಚಕ್ರ ಎರಚುವ ಕೆಸರು ನೀರು ಹೋಗಿ ಬೀಳುವುದು ಅಲ್ಲಿಗೇ. ಆದ್ದರಿಂದ ಚರ್ಮದ ಸೀಟು ಕೊಳ್ಳುವವರು ಅದರ ಜೊತೆಗೇ ಉದ್ದನೆಯ ಮಡ್‌ಗಾರ್ಡ್ ಹಾಕಿಸಿಕೊಳ್ಳಬೇಕು. ನಾನು ಸೀಟಿನ ಕೆಳಗಿನ ಕಂಬಿಗಳ ನಡುವೆ ಒಂದು ಪ್ಲಾಸ್ಟಿಕ್ ಚೀಲವನ್ನು ಮಡಚಿ ಸಿಕ್ಕಿಸಿಟ್ಟಿರುತ್ತೇನೆ. ಸೈಕಲ್ ನಿಲ್ಲಿಸಿ ಹೋಗುವಾಗ ಮೋಡವಿದ್ದರೆ ತೊಡಿಸುತ್ತೇನೆ. ಮಳೆ ನಿಂತ ಮೇಲೆ ತೆಗೆಯಲೇಬೇಕು, ಇಲ್ಲವಾದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ.

ಇಷ್ಟಾದರೂ ಒಮ್ಮೆ ಪೂರ್ತಿ ನೆನೆಯಿತು. ಹಸಿ ಚರ್ಮದ ಮೇಲೆ ಕುಳಿತರೆ ಅದು ಹಿಗ್ಗಿ ಹಾಗೆಯೇ ಒಣಗುತ್ತದೆ. ಅದಕ್ಕೇ ಉಳಿದ ದಾರಿ ಸೈಕಲ್ ತಳ್ಳಿಕೊಂಡೇ ಬಂದೆ. ಸೀಟು ಬಿಚ್ಚಿ, ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ಇಟ್ಟೆ. ಪೂರ್ತಿ ಒಣಗಲು ಮೂರು ದಿನ ಹಿಡಿಯಿತು. ಬಿಸಿಲಿಗೆ ಇಡಬೇಡಿ, ಹೀಟರಿನ ಮುಂದಂತೂ ಬೇಡವೇ ಬೇಡ. ಅವಸರದಲ್ಲಿ ಒಣಗಿಸಿದ ಚರ್ಮ ಬಿರಿಯುತ್ತದೆ, ಬಿರಿದದ್ದನ್ನು ಯಾವ ಮೇಣವೂ ಕೂಡಿಸದು.

ಮೇಣದ ವಿಷಯ ಚಿಕ್ಕದು. ಬ್ರೂಕ್ಸ್‌ನವರದೇ ಪ್ರೂಫೈಡ್ ಎಂಬ ಡಬ್ಬಿ ಸಿಗುತ್ತದೆ. ಪ್ರಾಣಿಯ ಕೊಬ್ಬು, ಮೀನೆಣ್ಣೆ, ಜೇನುಮೇಣ ಸೇರಿಸಿ ಮಾಡಿದ್ದು, ಘಾಟು ವಾಸನೆ. ಬೆರಳ ತುದಿಯಲ್ಲಿ ತೆಗೆದುಕೊಂಡು ಮೇಲ್ಭಾಗಕ್ಕೆ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಿಂದ ತಿಕ್ಕಿ ಹೊಳಪು ತರುತ್ತೇನೆ. ಹೊಸದರಲ್ಲಿ ಎರಡು ಮೂರು ಬಾರಿ ಮಾಡಿದೆ. ಈಗ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ. ಕೆಳಭಾಗಕ್ಕೆ ಮೊದಲ ಸಲ ಒಮ್ಮೆ ಹಚ್ಚಿದ್ದೆ, ಅಷ್ಟೇ. ಹಚ್ಚಿದ ಮರುದಿನ ತಿಳಿ ಬಣ್ಣದ ಬಟ್ಟೆ ತೊಡಬೇಡಿ.

ಬೋಲ್ಟನ್ನು ಆರು ವರ್ಷದಲ್ಲಿ ಮೂರು ಬಾರಿ ತಿರುಗಿಸಿದ್ದೇನೆ, ಪ್ರತಿ ಬಾರಿಯೂ ಕಾಲು ಸುತ್ತು ಮಾತ್ರ. ಕೈಗೆ ಅನ್ನಿಸಿದ್ದನ್ನು ನಂಬುವುದಿಲ್ಲ. ಮೂತಿಯಿಂದ ಹಿಂಬದಿಯವರೆಗೆ ಒಂದು ಉಕ್ಕಿನ ಅಳತೆಪಟ್ಟಿ ಇಟ್ಟು, ನಡುವಿನ ತಗ್ಗನ್ನು ಇನ್ನೊಂದು ಪಟ್ಟಿಯಿಂದ ಅಳೆದು, ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆರು ತಿಂಗಳಿಗೊಮ್ಮೆ. ತಗ್ಗು ನಿಜಕ್ಕೂ ಹೆಚ್ಚಿದ್ದರೆ ಮಾತ್ರ ಸ್ಪ್ಯಾನರ್ ಕೈಗೆ ಬರುತ್ತದೆ. ಹೊಸ ಸೀಟಿನ ಬೋಲ್ಟನ್ನು ಮುಟ್ಟಲೇಬಾರದು. ಬಿಗಿಯಾದಷ್ಟೂ ರಿವೆಟ್ಟುಗಳ ಸುತ್ತ ಚರ್ಮ ಹರಿಯುವ ಭಯವಿದೆ.

ಹೀಗೆ ಅಳೆಯುತ್ತಿದ್ದಾಗಲೇ, ಎರಡನೆಯ ವರ್ಷದಲ್ಲಿ, ಎಡಗುಳಿ ಬಲಗುಳಿಗಿಂತ ಬಹಳ ಆಳವಾಗಿರುವುದು ಕಣ್ಣಿಗೆ ಬಿತ್ತು. ಆಗ ಎಡಕ್ಕೆ 6 ಮಿಲಿಮೀಟರ್, ಬಲಕ್ಕೆ ಬರೀ 2. ಚರ್ಮದ ಆ ಭಾಗವೇ ಸಡಿಲವಿರಬೇಕು, ಮತ್ತೆ ಮೋಸವಾಯಿತು ಎಂದು ಬೇಸರಪಟ್ಟೆ. ಒಂದು ಭಾನುವಾರ ತಮ್ಮ ನನ್ನ ಹಿಂದೆಯೇ ಓಡಿಸಿಕೊಂಡು ಬರುತ್ತಿದ್ದ. ನಿಂತು ನೀರು ಕುಡಿಯುವಾಗ, "ಅಕ್ಕ, ಸೀಟು ನೆಟ್ಟಗೇ ಇದೆ. ನೀನು ಎಡಕ್ಕೆ ಜಾರಿ ಕುಳಿತುಕೊಳ್ಳುತ್ತೀಯ. ಪ್ರತಿ ಸಲ ಎಡಗಾಲು ಕೆಳಗೆ ಹೋದಾಗ ನಿನ್ನ ಸೊಂಟವೂ ಅದರ ಜೊತೆ ಇಳಿಯುತ್ತದೆ," ಎಂದ.

ಸೊಂಟದ ಎಡಭಾಗದಲ್ಲಿ ಬಹಳ ದಿನಗಳಿಂದ ನೋವಿತ್ತು. ಅದನ್ನು ಸೈಕಲ್ಲಿಗೆ ಹೊಂದಿಸಿ ಯೋಚಿಸಿರಲಿಲ್ಲ. ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ಸೀಟಿನ ಫೋಟೋವನ್ನೂ ತೋರಿಸಿದೆ. ಅವರು ಮೇಜಿನ ಮೇಲೆ ಮಲಗಿಸಿ ಕಾಲುಗಳನ್ನು ಅಳೆದರು. ಎಡಗಾಲು 6 ಮಿಲಿಮೀಟರ್ ಗಿಡ್ಡ. ಅವರ ಸಲಹೆಯಂತೆ ಎಡ ಬೂಟಿನೊಳಗೆ 4 ಮಿಲಿಮೀಟರಿನ ಒಂದು ಪದರ ಹಾಕಿಕೊಂಡೆ. ನೋವು ಇಳಿಯಲು ಕೆಲವು ವಾರ ಬೇಕಾಯಿತು. ನೋಟ್‌ಬುಕ್ಕಿನಲ್ಲಿ ಮಾತ್ರ ಎಲ್ಲವೂ ದಾಖಲಾಗಿದೆ: ಅಲ್ಲಿಂದ ಈಚೆಗೆ ಎಡಗುಳಿ ಒಂದೇ ಒಂದು ಮಿಲಿಮೀಟರ್ ಇಳಿದಿದೆ, ಬಲಗುಳಿ ಮೂರು. ಸ್ಪಂಜಿನ ಸೀಟಾಗಿದ್ದರೆ ನಾನು ಇಳಿದ ಕೂಡಲೇ ಉಬ್ಬಿಕೊಂಡು ಎಲ್ಲವನ್ನೂ ಮುಚ್ಚಿಡುತ್ತಿತ್ತು.

ಹಳೆಯ ಸೀಟು ಕೊಳ್ಳುವವರಿಗೆ ಒಂದು ಮಾತು: ಮಾರುವವರು ಮೇಲ್ಭಾಗದ ಚಿತ್ರ ಮಾತ್ರ ಕಳುಹಿಸುತ್ತಾರೆ. ಕೆಳಭಾಗದ ಚಿತ್ರ ಕೇಳಿ. ಬೋಲ್ಟಿನಲ್ಲಿ ಇನ್ನೆಷ್ಟು ಸುತ್ತು ಉಳಿದಿದೆ, ರಿವೆಟ್ಟುಗಳ ಸುತ್ತ ಬಿರುಕಿದೆಯೇ, ಕಂಬಿ ಬಾಗಿದೆಯೇ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಬೇರೊಬ್ಬರ ಗುಳಿ ನಿಮಗೆ ಹೊಂದುತ್ತದೆಯೇ ಎಂಬುದು ಕುಳಿತೇ ತಿಳಿಯಬೇಕು.

ತಮ್ಮನ ಸೀಟು 140 ಕಿಲೋಮೀಟರ್ ಮುಗಿಸಿದೆ. ನಿನ್ನೆ ರಾತ್ರಿ ಫೋನ್ ಮಾಡಿ, ಇನ್ನೂ ಹಲಗೆಯಂತೆಯೇ ಇದೆ, ಸ್ವಲ್ಪ ಎಣ್ಣೆ ಹಚ್ಚಲೇ ಎಂದು ಕೇಳಿದ. ಬೇಡ ಎಂದೆ. ಫೋನನ್ನು ಸೀಟಿನ ಹತ್ತಿರ ಹಿಡಿದು ಬೆರಳಿನಿಂದ ತಟ್ಟಲು ಹೇಳಿದೆ. ಮೂತಿಯ ಬಳಿ ತಟ್ಟಿದ, ನಡುವೆ ತಟ್ಟಿದ, ಕೊನೆಗೆ ಹಿಂದೆ. ಹಿಂದಿನ ಸದ್ದು ತುಸು ಮಂದವಾಗಿತ್ತು. ಇನ್ನೊಮ್ಮೆ ತಟ್ಟು ಎಂದೆ.