ಹಳೆಯ ಗೊಂಬೆಮನೆ ಕಿಟ್: ಅಂಟು ತೆರೆಯುವ ಮುಂಚಿನ ಕೆಲಸ

ಹಳೆಯ ಪ್ಲೈವುಡ್ ಕಿಟ್‌ಗಳ ಭಾಗಗಳನ್ನು ಹೆಚ್ಚಾಗಿ 3 ಮಿ.ಮೀ. ಹಾಳೆಯಲ್ಲಿ ಅಚ್ಚಿನಿಂದ ಒತ್ತಿ ಕತ್ತರಿಸಿರುತ್ತಾರೆ. ಅಚ್ಚು ಮೊಂಡಾಗಿದ್ದರೆ ಹಾಳೆ ಪೂರ್ತಿ ಕತ್ತರಿಸಿರುವುದಿಲ್ಲ. ಬೆರಳಿನಿಂದ ಒತ್ತಿ ತೆಗೆಯಲು ಹೋದರೆ ಹಿಂಬದಿಯ ಪದರ ಸಿಬಿರೆದ್ದು ಕಿತ್ತುಬರುತ್ತದೆ. ಆದ್ದರಿಂದ ಹಾಳೆ ತಿರುಗಿಸಿ, ಗೆರೆಯ ಮೇಲೆ ಹೊಸ ಬ್ಲೇಡಿನಿಂದ ಎರಡು ಮೂರು ಸಲ ಗೀರಿ, ಆಮೇಲೆ ಬಿಡಿಸಿ. ಬಿಡಿಸಿದ ಕೂಡಲೇ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಬರೆದಿಡಿ.

ಮುಂದಿನದು ಅಂಟಿಲ್ಲದೆ ಜೋಡಿಸಿ ನೋಡುವುದು. ಇಡೀ ಮನೆಯನ್ನು ಮಾಸ್ಕಿಂಗ್ ಟೇಪಿನಲ್ಲೇ ನಿಲ್ಲಿಸಿ, ಪ್ರತಿ ಮೂಲೆಗೂ ಮೂಲೆಮಟ್ಟ ಹಿಡಿಯಿರಿ, ಕರ್ಣಗಳನ್ನು ಅಳೆಯಿರಿ. ಎರಡು ಕರ್ಣಗಳು ಸಮವಿಲ್ಲದಿದ್ದರೆ ಛಾವಣಿ ಕೂರುವುದಿಲ್ಲ, ಮುಂಬಾಗಿಲು ಮುಚ್ಚುವುದಿಲ್ಲ. ಟ್ಯಾಬ್ (ಹಲಗೆಯ ಅಂಚಿನಿಂದ ಚಾಚಿರುವ ನಾಲಿಗೆ) ಬಿಗಿಯಾಗಿದ್ದರೆ ಟ್ಯಾಬನ್ನೇ ಉಪ್ಪುಕಾಗದದಿಂದ ತೆಳುಮಾಡಿ. ಅದು ಕೂರುವ ಸೀಳುಗಂಡಿ, ಅಂದರೆ ಸ್ಲಾಟ್, ಅಗಲಿಸಿದರೆ ಗೋಡೆ ಸೀಳುತ್ತದೆ. ಸಡಿಲವಿದ್ದರೆ ತೆಳು ರಟ್ಟಿನ ಪಟ್ಟಿ ಅಂಟಿಸಿ ತುಂಬಿ.

ಯಾರೋ ಅರ್ಧ ಕಟ್ಟಿ ಬಿಟ್ಟ ಮನೆಯಾದರೆ ಮೊದಲು ಬಿಚ್ಚಬೇಕು. ಹಾಟ್ ಗ್ಲೂ ಅಂಚಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಸಿದರೆ ಹಿಡಿತ ಬಿಡುತ್ತದೆ. ಬಿಳಿ ಅಂಟಿಗೆ ಬೆಚ್ಚಗಿನ ವಿನೆಗರ್ ಹಚ್ಚಿ ಕಾಯಿರಿ. ಎಳೆದು ಬಿಡಿಸುವ ಆತುರ ಬೇಡ. ಬಣ್ಣ ಬಹಳ ಹಳೆಯದಾಗಿದ್ದರೆ ಅದರಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಮುಖಕ್ಕೆ ಸೀಸದ ಸೂಕ್ಷ್ಮ ಧೂಳನ್ನು ತಡೆಯುವ ರೆಸ್ಪಿರೇಟರ್ ಇರಲಿ, ಸಾಮಾನ್ಯ ಧೂಳಿನ ಮಾಸ್ಕ್ ಸಾಲದು.

ಡೊಂಕಾದ ಹಲಗೆಯಲ್ಲಿ ಒಳಬಾಗಿರುವ ಮೈ ಸಾಮಾನ್ಯವಾಗಿ ಹೆಚ್ಚು ಒಣಗಿ ಕುಗ್ಗಿದ ಮೈ. ಅದನ್ನೇ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡುವಂತೆ ಪಟ್ಟಿಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಪೂರ್ತಿ ಒಣಗಲು ಬಿಡಿ. ಆಮೇಲೆ ಎರಡೂ ಮೈಗೆ ಪ್ರೈಮರ್ ಹೊಡೆಯಿರಿ. ಒಂದೇ ಮೈಗೆ ಹೊಡೆದರೆ ಮತ್ತೆ ಬಾಗುವುದು ಬಹುತೇಕ ಖಚಿತ. ಪದರ ಬಿಚ್ಚಿಕೊಂಡ ಹಲಗೆಯ ಜೊತೆ ಗುದ್ದಾಡುವುದು ದಂಡ. ರಟ್ಟಿನ ಮೇಲೆ ಅದರ ಆಕಾರ ತೆಗೆದು, ಆ ಅಳತೆಗೆ ಹೊಸ ಹಲಗೆ ಕತ್ತರಿಸಿ.

ಕಿಟ್‌ಗಳು ಹೆಚ್ಚು ಮೋಸ ಮಾಡುವ ಜಾಗ ಮೆಟ್ಟಿಲು. 1:12 ಅಳತೆಯಲ್ಲಿ 6 ಅಡಿ ಮನುಷ್ಯ 6 ಇಂಚಿನ ಗೊಂಬೆ. ಮೆಟ್ಟಿಲ ಮೇಲೆ ತಲೆ ತಾಗದಿರಲು ಸುಮಾರು 17 ಸೆಂ.ಮೀ. ತೆರವು ಬೇಕು. ಲೆಕ್ಕ ಹೀಗೆ: ನೆಲದಿಂದ ಮೇಲಿನ ನೆಲಕ್ಕೆ 24 ಸೆಂ.ಮೀ. ಇದ್ದರೆ, ತಲಾ 18.5 ಮಿ.ಮೀ. ಎತ್ತರದ 13 ಏರುಗಳು. ಕೊನೆಯ ಏರು ಮೇಲಿನ ನೆಲಕ್ಕೇ ಸೇರುವುದರಿಂದ ಕಾಲಿಡುವ ಹಲಗೆಗಳು 12. ಒಂದೊಂದಕ್ಕೆ 21 ಮಿ.ಮೀ. ಎಂದರೆ ಒಟ್ಟು ಉದ್ದ 25 ಸೆಂ.ಮೀ. ಚಿಲ್ಲರೆ. ನಾಲ್ಕನೆಯ ಹಲಗೆಯಿಂದಲೇ ತೆರವು 17ಕ್ಕಿಂತ ಕಡಿಮೆಯಾಗುತ್ತದೆ, ಹಾಗಾಗಿ ಅಲ್ಲಿಂದ ಮೇಲಕ್ಕೆ, 9 ಹಲಗೆಗಳ ಉದ್ದಕ್ಕೆ, ಮೇಲಿನ ನೆಲದಲ್ಲಿ ಸುಮಾರು 19 ಸೆಂ.ಮೀ. ಕಿಂಡಿ ಬೇಕು. ಕಿಟ್‌ನಲ್ಲಿರುವ ಕಿಂಡಿ ಅದಕ್ಕಿಂತ ಗಿಡ್ಡವಿದ್ದರೆ ಸಣ್ಣ ಹಲ್ಲಿನ ಗರಗಸದಿಂದ ಉದ್ದ ಮಾಡಿ, ಅಂಚಿನ ಅಡಿಗೆ 6 ಮಿ.ಮೀ. ಮರದ ಪಟ್ಟಿ ಅಂಟಿಸಿ. ಇಲ್ಲವಾದರೆ ನೆಲ ಜೋಲುತ್ತದೆ. ಕತ್ತರಿಸುವ ಮುಂಚೆ ಮೇಲಿನ ಕೋಣೆಯ ಗೋಡೆಯ ಸ್ಲಾಟ್ ಎಲ್ಲಿದೆ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ನಡುವೆ ಚೌಕ ಕಟ್ಟೆ ಕೊಟ್ಟು ಮೆಟ್ಟಿಲನ್ನು ತಿರುಗಿಸಿ.

ಕೈಪಿಡಿಯ ಕ್ರಮವನ್ನು ಕಣ್ಣುಮುಚ್ಚಿ ಪಾಲಿಸಬೇಕಿಲ್ಲ. ಅದು ಮನೆ ನಿಲ್ಲಿಸುವ ಕ್ರಮವೇ ಹೊರತು ಬಣ್ಣ ಹೊಡೆಯುವ, ವೈರ್ ಎಳೆಯುವ ಕ್ರಮವಲ್ಲ. ನಿಂತ ಮೇಲೆ ಕೈ ಹೋಗದ ಕೋಣೆಗಳಿಗೆ ಮೊದಲೇ ಬಣ್ಣ ಮುಗಿಸಿ. ಆದರೆ ಅಂಟು ಬೀಳುವ ಅಂಚುಗಳಿಗೆ ಟೇಪ್ ಹಾಕಿ ಬರಿಮರ ಬಿಡಿ, ಬಣ್ಣದ ಮೇಲೆ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. 12 ವೋಲ್ಟ್ ದೀಪಗಳ ವೈರನ್ನು ತೆಳು ಗೋಡೆಯಲ್ಲಿ ಕೊರೆದು ಕೂರಿಸಬೇಡಿ. ಗೋಡೆಯ ಮೇಲೆಯೇ ಹರಿಸಿ, ವಾಲ್‌ಪೇಪರನ್ನು ರಟ್ಟಿಗೆ ಅಂಟಿಸಿ ಆ ರಟ್ಟನ್ನು ಮುಂದೆ ನಿಲ್ಲಿಸಿ. ದೀಪ ಕೆಟ್ಟಾಗ ರಟ್ಟು ತೆಗೆದರಾಯಿತು.

ಛಾವಣಿಯ ಮರದ ಬಿಲ್ಲೆಗಳಿಗೆ ನೀರಿನ ಅಂಟು ಬೇಡ, ಸುರುಟಿಕೊಳ್ಳುತ್ತವೆ. ಕಾಂಟ್ಯಾಕ್ಟ್ ಅಂಟು (ಎರಡೂ ಮೈಗೆ ಹಚ್ಚಿ, ಆರಿದ ಮೇಲೆ ಒತ್ತಿ ಅಂಟಿಸುವಂಥದ್ದು) ಬಳಸಿ, ನೀವು ಕೆಲಸ ಮಾಡುವ ಕೋಣೆಯ ಕಿಟಕಿ ತೆರೆದಿಡಿ. ಸೂರಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಪ್ರತಿ ಸಾಲನ್ನೂ ಅರ್ಧ ಬಿಲ್ಲೆಯಷ್ಟು ಸರಿಸಿ. ಹಿಂಬದಿಯ ಛಾವಣಿ ಹಲಗೆಗೆ ಮಾತ್ರ ಅಂಟು ಹಾಕದೆ ಕೀಲು ಕೊಡಿ. ಅಟ್ಟದ ವೈರ್‌ಗಳನ್ನು ಮುಟ್ಟಲು ಬೇರೆ ದಾರಿ ಇರುವುದಿಲ್ಲ.