ಎರಡು ಮಿಲಿಮೀಟರ್ ಅಂತರ: ಹಳೆಯ ಪಾಲಿಯೋಗೆ ಬೇರೆ ಚಕ್ರ ಕೂರಿಸಿದ ಅನುಭವ

ಅಪ್ಪಯ್ಯ 2003ರಲ್ಲಿ ಕೊಂಡ ಫಿಯೆಟ್ ಪಾಲಿಯೋ ಇಂದಿಗೂ ಚಿಕ್ಕಮಗಳೂರಿನ ನಮ್ಮ ಮನೆಯ ಶೆಡ್ಡಿನಲ್ಲಿದೆ. ವಾರಕ್ಕೆ ಎರಡು ಸಲವಾದರೂ ಆಲ್ದೂರಿನ ಕಡೆಯ ತೋಟಕ್ಕೆ ಹೋಗಿಬರುತ್ತದೆ. ಎಂಜಿನ್ನು ಗಟ್ಟಿಯಾಗಿದೆ, ಗೇರ್‌ಬಾಕ್ಸಿನಲ್ಲಿ ತಕರಾರಿಲ್ಲ. ಕೈಕೊಟ್ಟದ್ದು ಚಕ್ರಗಳು. ಇಪ್ಪತ್ತು ಮಳೆಗಾಲಗಳ ನೀರು ಕುಡಿದ 13 ಇಂಚಿನ ಉಕ್ಕಿನ ರಿಮ್ಮುಗಳಲ್ಲಿ ಟೈರು ಕಚ್ಚಿಕೊಂಡು ಕೂರುವ ಅಂಚೇ ತುಕ್ಕು ಹಿಡಿದು ಹಕ್ಕಳೆ ಎದ್ದಿತ್ತು; ಸಂಜೆ ತುಂಬಿಸಿದ ಗಾಳಿ ಬೆಳಗಾಗುವುದರೊಳಗೆ ಇಳಿದಿರುತ್ತಿತ್ತು. ಐದರಲ್ಲಿ ಎರಡು ರಿಮ್ಮುಗಳು ಪೂರ್ತಿ ಕೆಟ್ಟವು. ಫಿಯೆಟ್ ಕಂಪನಿ ತನ್ನ ಹೆಸರಿನ ಕಾರುಗಳ ಮಾರಾಟವನ್ನು 2019ರಲ್ಲಿ ಭಾರತದಲ್ಲಿ ನಿಲ್ಲಿಸಿದ ಮೇಲೆ ಬಿಡಿಭಾಗಗಳಿಗಾಗಿ ಅಲೆಯುವುದು ನಮ್ಮಂಥವರಿಗೆ ಅಭ್ಯಾಸವಾಗಿದೆ. ಹಾಸನ, ಬೇಲೂರು, ಮೂಡಿಗೆರೆಗಳ ಹಳೇ ಸಾಮಾನಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದರೂ ಈ ಕಾರಿನ ರಿಮ್ಮು ಸಿಗಲಿಲ್ಲ.

ಸಿಗದಿರುವುದಕ್ಕೆ ಕಾರಣವೊಂದಿದೆ. ಚಕ್ರದ ಬೋಲ್ಟುಗಳ ನಡುಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಮಾರುತಿ ಸ್ವಿಫ್ಟ್, ಹ್ಯುಂಡೈ ಸ್ಯಾಂಟ್ರೋ, ಹಳೆಯ ಹೋಂಡಾ ಸಿಟಿ ಹೀಗೆ ನಮ್ಮ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಸಣ್ಣ ಕಾರುಗಳಲ್ಲಿ ಇದು ನಾಲ್ಕು ಬೋಲ್ಟಿಗೆ 100 ಮಿಲಿಮೀಟರ್ ಇದ್ದರೆ, ಉನೋ ಮತ್ತು ಪಾಲಿಯೋಗಳಂಥ ಫಿಯೆಟ್‌ಗಳಲ್ಲಿ 98 ಮಿಲಿಮೀಟರ್ ಇದೆ. ಕಣ್ಣಿನಲ್ಲಿ ನೋಡಿ ಈ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ವರ್ನಿಯರ್ ಕ್ಯಾಲಿಪರ್ ಹಿಡಿದು ಒಂದು ರಂಧ್ರದ ಒಳಅಂಚಿನಿಂದ ಅದರ ಎದುರಿನ ರಂಧ್ರದ ಹೊರಅಂಚಿನವರೆಗೆ ಅಳೆದರೆ ಮಾತ್ರ ಗೊತ್ತಾಗುತ್ತದೆ.

ನಾನು ಮೊದಲ ಸಲ ಅಳೆಯಲಿಲ್ಲ. ಪೇಟೆಯ ಟೈರಿನ ಅಂಗಡಿಯೊಂದರಲ್ಲಿ 14 ಇಂಚಿನ ನಾಲ್ಕು ಹಳೆಯ ಅಲಾಯ್ ಚಕ್ರಗಳಿದ್ದವು. ಪಿಸಿಡಿ ನೂರು ಎಂದು ಅವರೇ ಹೇಳಿದರು. ನನ್ನದು ತೊಂಬತ್ತೆಂಟು ಎಂದಾಗ, "ಬರೀ ಎರಡು ಮಿಲಿಮೀಟರ್ ಸಾರ್, ಬೋಲ್ಟ್ ಟೈಟ್ ಮಾಡಿದ್ರೆ ತಾನಾಗೇ ಕೂತ್ಕೊಳ್ಳುತ್ತೆ" ಎಂದರು. ಚಕ್ರ ನಿಜಕ್ಕೂ ಕೂತಂತೆಯೇ ಕಂಡಿತು. ಮೊದಲ ವಾರವೇ ಗಂಟೆಗೆ 70 ಕಿ.ಮೀ. ವೇಗ ದಾಟಿದೊಡನೆ ಸ್ಟಿಯರಿಂಗ್ ನಡುಗಲು ಶುರುವಾಯಿತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲಲಿಲ್ಲ. ಆಮೇಲೆ ಉಜಿರೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಬರುವಾಗ, ಪ್ರತಿ ತಿರುವಿನಲ್ಲೂ ಎಡಗಡೆಯ ಮುಂದಿನ ಚಕ್ರದಿಂದ ಟಕ್ ಟಕ್ ಎಂಬ ಸದ್ದು ಕೇಳತೊಡಗಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಪಾನಾ ಹಾಕಿ ನೋಡಿದರೆ ಎರಡು ಬೋಲ್ಟುಗಳು ಬೆರಳ ಬಲಕ್ಕೇ ತಿರುಗಿದವು. ಕಾರಿನಲ್ಲಿ ಅಮ್ಮ ಮತ್ತು ಮಕ್ಕಳಿದ್ದರು. ಆ ಕ್ಷಣ ಮೈ ತಣ್ಣಗಾದದ್ದನ್ನು ನಾನು ಮರೆಯಲಾರೆ.

ಮರುದಿನ ಚಕ್ರ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಬೋಲ್ಟಿನ ತಲೆಯ ಕೆಳಗೆ ಆಲಿಕೆಯ ಆಕಾರದಲ್ಲಿ ಇಳಿಜಾರಾದ ಭಾಗವೊಂದಿರುತ್ತದೆ. ಅದು ಚಕ್ರದ ರಂಧ್ರದೊಳಗೆ ಸುತ್ತಲೂ ಸಮನಾಗಿ ಕೂರಬೇಕು. ನನ್ನ ಬೋಲ್ಟುಗಳಲ್ಲಿ ಆ ಇಳಿಜಾರಿನ ಒಂದು ಬದಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಬದಿಗೆ ಏನೂ ತಾಗಿರಲೇ ಇಲ್ಲ. ರಂಧ್ರಗಳು ದುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಹಬ್ಬಿನ, ಎಂದರೆ ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಕಾರಿನ ಕಡೆಯ ತಿರುಗುವ ಭಾಗದ, ಮುಖದ ಮೇಲೆ ಬೋಲ್ಟುಗಳ ಸುತ್ತ ಕುಂಕುಮದಂಥ ನುಣ್ಣನೆಯ ಕೆಂಪು ಪುಡಿ ಕೂತಿತ್ತು. ಬಿಗಿಯಾಗಿರಬೇಕಾದ ಎರಡು ಲೋಹಗಳು ಕಣ್ಣಿಗೆ ಕಾಣದಷ್ಟು ಅಲುಗಾಡಿ ಒಂದನ್ನೊಂದು ತೇಯ್ದುಕೊಂಡಾಗ ಏಳುವ ಪುಡಿ ಅದು.

ವ್ಯಾಸದಲ್ಲಿ ಎರಡು ಮಿಲಿಮೀಟರ್ ಎಂದರೆ ಪ್ರತಿ ಬೋಲ್ಟೂ ತನ್ನ ರಂಧ್ರದ ನಡುವಿನಿಂದ ಒಂದು ಮಿಲಿಮೀಟರ್ ಒಳಕ್ಕೆ ಸರಿದಿದೆ ಎಂದರ್ಥ. ಕಾರಿನ ಭಾರವನ್ನು ಬೋಲ್ಟುಗಳೇ ಹೊರುತ್ತವೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ, ಆದರೆ ಅವುಗಳ ಮುಖ್ಯ ಕೆಲಸ ಚಕ್ರವನ್ನು ಹಬ್ಬಿನ ಮುಖಕ್ಕೆ ಬಲವಾಗಿ ಒತ್ತಿ ಹಿಡಿಯುವುದು. ಹಾಗೆ ಒತ್ತಿದ ಎರಡು ಸಪಾಟು ಮುಖಗಳ ನಡುವಿನ ಘರ್ಷಣೆಯೇ ಭಾರವನ್ನೂ ಬ್ರೇಕಿನ ಎಳೆತವನ್ನೂ ತಡೆದುಕೊಳ್ಳುತ್ತದೆ. ಬೋಲ್ಟು ಓರೆಯಾಗಿ ಬಾಗಿ ಕೂತರೆ ನಾವು ಪಾನಾದಲ್ಲಿ ಹಾಕಿದ ಬಲದ ಬಹುಪಾಲು ಆ ಬಾಗುವಿಕೆಗೇ ಖರ್ಚಾಗುತ್ತದೆ, ಒತ್ತಡ ಉಳಿಯುವುದಿಲ್ಲ. ಇನ್ನು ಚಕ್ರವನ್ನು ನಡುವಿಗೆ ತರುವ ಕೆಲಸ ಹಬ್ಬಿನ ನಡುವೆ ಮುಂದಕ್ಕೆ ಚಾಚಿರುವ ದುಂಡನೆಯ ತುಟಿಯದು. ಪಾಲಿಯೋದಲ್ಲಿ ಅದರ ವ್ಯಾಸ 58.1 ಮಿ.ಮೀ. ನಾನು ತಂದ ಅಲಾಯ್‌ಗಳ ನಡುರಂಧ್ರ, ಅನೇಕ ಕಾರುಗಳಿಗೆ ಹೊಂದಲೆಂದು, 73.1 ಮಿ.ಮೀ. ಇತ್ತು. ಹೀಗಾಗಿ ಆ ಚಕ್ರವನ್ನು ನಡುವಿನಲ್ಲಿ ಹಿಡಿಯುವವರು ಯಾರೂ ಇರಲಿಲ್ಲ, ಬೋಲ್ಟುಗಳೂ ಹಿಡಿಯಲಿಲ್ಲ.

ಇದಾದ ಮೇಲೆ ನಾನು ಓದಿಕೊಂಡು, ಅಳೆದು, ಕೇಳಿ ತಿಳಿದು ಮುಂದುವರಿದೆ. ಸುಲಭವಾಗಿ ಸಿಗುವುದು ಸ್ವಿಫ್ಟ್‌ನ 14 ಇಂಚಿನ ಉಕ್ಕಿನ ರಿಮ್ಮು. ಅದರ ನಡುರಂಧ್ರ 54.1 ಮಿ.ಮೀ., ಎಂದರೆ ನನ್ನ ಹಬ್ಬಿನ ತುಟಿಗಿಂತ ಚಿಕ್ಕದು. ಅದು ನೇರವಾಗಿ ಏರುವುದೇ ಇಲ್ಲ. ಲೇತ್‌ನಲ್ಲಿ ಕೊರೆಸಿ ಹಿಗ್ಗಿಸಿ, ತಲೆಯ ಕೆಳಗಿನ ಇಳಿಜಾರು ಬಳೆ ಸ್ವಲ್ಪ ಸರಿದಾಡುವಂಥ ವಾಬಲ್ ಬೋಲ್ಟು ಹಾಕುವುದು ಒಂದು ದಾರಿ. ಚಕ್ರ ಹೊರಕ್ಕೆ ಸರಿಯುವುದಿಲ್ಲವಾದ್ದರಿಂದ ಇದು ಒಳ್ಳೆಯ ದಾರಿಯೇ, ಆದರೆ ಕೊರೆಯುವಾಗ ನಡು ತಪ್ಪಿದರೆ ಮತ್ತೆ ಅದೇ ನಡುಕ. ನನಗೆ ನಂಬಿಕೆಯ ಲೇತ್ ಸಿಗದ ಕಾರಣ ಅಡಾಪ್ಟರ್ ಆರಿಸಿಕೊಂಡೆ.

ಸ್ಪೇಸರ್ ಮತ್ತು ಅಡಾಪ್ಟರ್ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸ್ಪೇಸರ್ ಎಂದರೆ ಚಕ್ರಕ್ಕೂ ಹಬ್ಬಿಗೂ ನಡುವೆ ಇಡುವ ಬಿಲ್ಲೆ; ಅದರ ಮೂಲಕ ಅದೇ ಬೋಲ್ಟು ಹಾದುಹೋಗುತ್ತದೆ. 5 ಮಿ.ಮೀ. ಬಿಲ್ಲೆ ಇಟ್ಟರೆ ಬೋಲ್ಟು ಹಬ್ಬಿನೊಳಗೆ ಅಷ್ಟೇ ಕಡಿಮೆ ಕಚ್ಚುತ್ತದೆ, ಹಬ್ಬಿನ ತುಟಿಯನ್ನೂ ಅದು ನುಂಗಿಬಿಡುತ್ತದೆ. ಪಾಲಿಯೋದ ಬೋಲ್ಟು 12 ಮಿ.ಮೀ. ದಪ್ಪ, ಮರೆಯ, ಎಂದರೆ ತಿರುಪಿನ ಸುತ್ತುಗಳ, ನಡುವಿನ ಅಂತರ 1.25 ಮಿ.ಮೀ.; ಬೋಲ್ಟಿನ ದಪ್ಪದಷ್ಟಾದರೂ ಒಳಗೆ ಕಚ್ಚಬೇಕೆಂದರೆ ಸುಮಾರು ಹತ್ತು ಸುತ್ತು ತಿರುಗಬೇಕು. ಕೈಯಿಂದ ತಿರುಗಿಸುತ್ತ ಎಣಿಸಿ ನೋಡಿ. ಆರಕ್ಕೋ ಏಳಕ್ಕೋ ಬಿಗಿಯಾದರೆ ಆ ಬೋಲ್ಟಿನ ಮೇಲೆ ಘಾಟಿ ಇಳಿಯಬೇಡಿ. ಅಡಾಪ್ಟರ್ ಹಾಗಲ್ಲ. ಅದು ತನ್ನದೇ ನಾಲ್ಕು ಬೋಲ್ಟುಗಳಿಂದ ಹಬ್ಬಿಗೆ ಬಿಗಿದುಕೊಳ್ಳುತ್ತದೆ, ಚಕ್ರಕ್ಕಾಗಿ ಅದರಲ್ಲಿ ಬೇರೆ ಸ್ಟಡ್ಡುಗಳು, ಎಂದರೆ ನಟ್ಟು ಹಾಕಲು ಹೊರಚಾಚಿದ ಮರೆಯುಳ್ಳ ಕಡ್ಡಿಗಳು, ಇರುತ್ತವೆ. 98 ಮತ್ತು 100ರ ರಂಧ್ರಗಳು ಒಂದರ ಮೇಲೊಂದು ಬೀಳುವುದರಿಂದ ಸ್ಟಡ್ಡುಗಳನ್ನು 45 ಡಿಗ್ರಿ ತಿರುಗಿಸಿ, ಬೋಲ್ಟುಗಳ ನಡುವಿನ ಜಾಗದಲ್ಲಿ ಕೂರಿಸಿರುತ್ತಾರೆ. ಬೋಲ್ಟಿನ ತಲೆ ಒಳಗೇ ಅಡಗಬೇಕಾದ್ದರಿಂದ ಸಾಮಾನ್ಯವಾಗಿ 20 ಮಿ.ಮೀ. ದಪ್ಪಕ್ಕಿಂತ ಕಡಿಮೆಯಾಗಿ ಮಾಡಲು ಬರುವುದಿಲ್ಲ. ನಾನು ತರಿಸಿದ್ದು 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದದ್ದು. ಹಬ್ಬಿನ ಕಡೆ 58.1ರ ರಂಧ್ರ, ಚಕ್ರದ ಕಡೆ 54.1ರ ತುಟಿ. ಗುಜರಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದ ಬಿಲ್ಲೆಯನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ದಯವಿಟ್ಟು ಕೊಳ್ಳಬೇಡಿ.

ಈ 20 ಮಿ.ಮೀ. ಪುಕ್ಕಟೆಯಾಗಿ ಬರುವುದಿಲ್ಲ. ಚಕ್ರದ ಅಗಲದ ನಟ್ಟನಡುವಿಗೂ ಅದು ಹಬ್ಬಿಗೆ ತಾಗುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಆಫ್‌ಸೆಟ್ 45 ಇರುವ ರಿಮ್ಮಿಗೆ 20ರ ಅಡಾಪ್ಟರ್ ಇಟ್ಟರೆ ಅದು 25ರ ರಿಮ್ಮಿನಂತೆ ವರ್ತಿಸುತ್ತದೆ. ಚಕ್ರ ಹೊರಕ್ಕೆ ಸರಿದಷ್ಟೂ ಬೇರಿಂಗಿನ ಮೇಲೆ ಸನ್ನೆಯ ಬಲ ಹೆಚ್ಚುತ್ತದೆ, ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯನ್ನು ಒದೆಯುತ್ತದೆ. ನಮ್ಮ ತೋಟಗಳ ಜಿಪ್ಸಿಗಳಿಗೂ ಈ ಮಾತು ಅನ್ವಯಿಸುತ್ತದೆ. ಮಾರುತಿ ಕಂಪನಿ 1993ರಲ್ಲಿ ಜಿಪ್ಸಿಯ ಎಡಬಲ ಚಕ್ರಗಳ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿದಾಗ ಆಕ್ಸಲನ್ನೇ ಅಗಲ ಮಾಡಿತು. ಅದಕ್ಕೂ ಹಿಂದಿನ ಜಿಪ್ಸಿಗೆ ಒಂದೊಂದು ಬದಿಗೂ 45ರ ಸ್ಪೇಸರ್ ಹಾಕಿದರೆ ನೋಟ ಅದೇ ಬರುತ್ತದೆ, ಆದರೆ ಬೇರಿಂಗ್ ಇದ್ದಲ್ಲೇ ಉಳಿದು ಭಾರ ಮಾತ್ರ ಹೊರಗೆ ಹೋಗಿರುತ್ತದೆ.

ಅಡಾಪ್ಟರ್ ಕೂರಿಸುವ ದಿನ ಹೆಚ್ಚು ಹೊತ್ತು ಹಿಡಿದದ್ದು ಹಬ್ಬಿನ ಮುಖವನ್ನು ಉಜ್ಜುವುದಕ್ಕೆ. ನಾಲ್ಕೂ ಹಬ್ಬುಗಳನ್ನು ವೈರ್ ಬ್ರಷ್ಷಿನಿಂದ ಬಿಳಿ ಲೋಹ ಕಾಣುವವರೆಗೆ ತಿಕ್ಕಿದೆ. ಅಲ್ಲಿ ಉಳಿದ ತುಕ್ಕಾಗಲಿ, ರಿಮ್ಮಿನ ಹಿಂಬದಿಗೆ ಬಳಿದ ದಪ್ಪ ಬಣ್ಣವಾಗಲಿ ಓಡಾಟದಲ್ಲಿ ಸವೆದರೆ, ಸವೆದಷ್ಟೂ ಬೋಲ್ಟು ಸಡಿಲವಾಗುತ್ತದೆ. ಹಿಂದಿನ ಡ್ರಮ್ಮನ್ನು ಹಿಡಿದ ಸಣ್ಣ ಸ್ಕ್ರೂ ಮುಖದಿಂದ ಕೂದಲೆಳೆಯಷ್ಟು ಮೇಲಿತ್ತು. ಅದನ್ನು ಗಮನಿಸದೆ ಬಿಗಿದಿದ್ದರೆ ಅಡಾಪ್ಟರ್ ಓರೆಯಾಗಿಯೇ ಕೂರುತ್ತಿತ್ತು. ಮಲೆನಾಡಿನ ತೇವದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ಹಿಡಿದುಕೊಂಡುಬಿಡುತ್ತವೆಯಾದ್ದರಿಂದ ತುಟಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಿದೆ, ಬೋಲ್ಟಿನ ಮರೆಗಳಿಗೆ ಸವರಲಿಲ್ಲ. ಬಿಗಿದದ್ದು ಎಷ್ಟು ಬಲ ಬಿತ್ತೆಂದು ತೋರಿಸುವ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ, ಎರಡು ಹಂತಗಳಲ್ಲಿ. ಟೈರಿನ ಲೆಕ್ಕ ಸುಲಭವಾಗಿತ್ತು: ಮೊದಲಿದ್ದ 165/80 ಆರ್13ರ ಹೊರವ್ಯಾಸ ಸುಮಾರು 594 ಮಿ.ಮೀ., ಈಗ ಹಾಕಿದ 185/65 ಆರ್14ರದ್ದು 596, ಹೆಚ್ಚುಕಡಿಮೆ ಒಂದೇ.

ಆಮೇಲೆ ಗಾರೆಯವರ ತೂಕದ ಗುಂಡನ್ನು ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಟ್ಟು ನೋಡಿದೆ. ಟೈರು ದಾರವನ್ನು ದಾಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಎರಡು ಮೂಟೆ ಕಾಫಿ ಇಟ್ಟು, ಕಣದಲ್ಲಿ ಎರಡೂ ಬದಿಗೆ ಪೂರ್ತಿ ತಿರುಗಿಸಿಯೂ ನೋಡಿದೆ. ಎಲ್ಲೂ ತಾಗಲಿಲ್ಲ.

ಕಾನೂನಿನ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ತಯಾರಕರು ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರೆದು ತಿಳಿಸಿದ ಮೇಲೆಯೇ ನಾನು ಕಾರನ್ನು ರಸ್ತೆಗಿಳಿಸಿದೆ.

ಸ್ಟೆಪ್ನಿಯ ವಿಚಾರ ಕೊನೆಗೆ ಹೊಳೆಯಿತು. ಹಳೆಯ 98ರ ಸ್ಟೆಪ್ನಿ ಅಡಾಪ್ಟರಿನ ಮೇಲೆ ಕೂರುವುದಿಲ್ಲ, ಹೀಗಾಗಿ ಐದನೆಯ ರಿಮ್ಮನ್ನೂ ಸ್ವಿಫ್ಟ್‌ನದ್ದೇ ತಂದೆ. ಅಡಾಪ್ಟರಿನ ಬೋಲ್ಟಿಗೆ 17ರ ಪಾನಾ, ಚಕ್ರದ ನಟ್ಟಿಗೆ 19ರ ಪಾನಾ. ಎರಡೂ ಟಾರ್ಕ್ ರೆಂಚಿನ ಜೊತೆ ಡಿಕ್ಕಿಯಲ್ಲೇ ಇರುತ್ತವೆ.

ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿದಾಗ ಬಲಗಡೆಯ ಹಿಂದಿನ ಚಕ್ರದ ಎರಡು ನಟ್ಟುಗಳು ಸ್ವಲ್ಪ ತಿರುಗಿದವು. ಐನೂರಕ್ಕೆ ಯಾವುದೂ ತಿರುಗಲಿಲ್ಲ. ಆಲ್ದೂರಿನ ದಾರಿಯ ಗುಂಡಿಗಳಲ್ಲಿ ಸ್ಟಿಯರಿಂಗ್ ಮೊದಲಿಗಿಂತ ಹೆಚ್ಚು ಒದೆಯುವುದು ನಿಜ, ಅದಕ್ಕೆ ನಿಧಾನವಾಗಿ ಹೋಗುವುದೊಂದೇ ಉಪಾಯ. ಈ ಸಲದ ಮಳೆಗಾಲ ಮುಗಿದ ಮೇಲೆ ನಾಲ್ಕೂ ಅಡಾಪ್ಟರುಗಳನ್ನು ಬಿಚ್ಚಿ, ಹಿಂದೆ ನೋಡಿದ್ದ ಅದೇ ಜಾಗವನ್ನು ಟಾರ್ಚ್ ಹಿಡಿದು ನೋಡಿದೆ. ಕೆಂಪು ಪುಡಿ ಎಲ್ಲೂ ಇರಲಿಲ್ಲ; ಹಬ್ಬಿನ ಮುಖದ ಮೇಲೆ ನಾನು ಎಳೆದಿದ್ದ ವೈರ್ ಬ್ರಷ್ಷಿನ ಗೆರೆಗಳು ಒಂದೂ ಅಳಿಯದೆ ಹಾಗೆಯೇ ಇದ್ದವು.