ಕೆನ್ ರೀವ್ಸ್ ಮೇಯರ್ ಆಗಿದ್ದ ಊರಿನಲ್ಲಿ

ಬಾಸ್ಟನ್‌ನ ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ರೆಡ್ ಲೈನ್ ರೈಲು ಹತ್ತಿದರೆ, ಸ್ವಲ್ಪ ದೂರ ನೆಲದಡಿಯಲ್ಲೇ ಓಡುವ ಅದು ಚಾರ್ಲ್ಸ್ ನದಿಯ ಬಳಿ ಮೇಲೆ ಬಂದು, ಲಾಂಗ್‌ಫೆಲೋ ಸೇತುವೆಯ ಮೇಲೆ ಹೊಳೆ ದಾಟಿ, ಮತ್ತೆ ನೆಲದೊಳಕ್ಕೆ ಇಳಿದು ಕೇಂಬ್ರಿಜ್ ಊರನ್ನು ಸೇರುತ್ತದೆ. ಭಾರತದಿಂದ ಬಂದ ಪ್ರವಾಸಿಗಳಲ್ಲಿ ಹೆಚ್ಚಿನವರು ಎಂಐಟಿ ನೋಡಲು ಕೆಂಡಾಲ್‌ನಲ್ಲೋ ಹಾರ್ವರ್ಡ್ ನೋಡಲು ಅದೇ ಹೆಸರಿನ ನಿಲ್ದಾಣದಲ್ಲೋ ಇಳಿಯುತ್ತಾರೆ. 2023ರ ಅಕ್ಟೋಬರ್ ತಿಂಗಳಲ್ಲಿ ನಾನು ಇಳಿದದ್ದು ಇವೆರಡರ ನಡುವಿನ ಸೆಂಟ್ರಲ್ ನಿಲ್ದಾಣದಲ್ಲಿ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಿಗುವ ಸಿಟಿ ಹಾಲ್ ಅನ್ನು ನೋಡಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. 1992ರ ಜನವರಿಯಲ್ಲಿ ಆ ಕಟ್ಟಡದಲ್ಲಿ ಮೇಯರ್ ಸ್ಥಾನಕ್ಕೆ ಆಯ್ಕೆಯಾದ ಕೆನೆತ್ ರೀವ್ಸ್, ತಾವು ಸಲಿಂಗಿಯೆಂಬುದನ್ನು ಮುಚ್ಚಿಡದೆ ಬದುಕಿದ ಮೊದಲ ಕಪ್ಪುವರ್ಣೀಯ ಮೇಯರ್ ಎಂದು ಅಮೆರಿಕದ ಸಾರ್ವಜನಿಕ ಇತಿಹಾಸದಲ್ಲಿ ದಾಖಲಾಗಿದ್ದಾರೆ. ಲೆಸ್ಬಿಯನ್ ಎಂದು ಬಹಿರಂಗವಾಗಿ ಗುರುತಿಸಿಕೊಂಡ ಕಪ್ಪುವರ್ಣೀಯ ಮಹಿಳೆ ಲೋರಿ ಲೈಟ್‌ಫುಟ್ ಷಿಕಾಗೊದಂಥ ಮಹಾನಗರಕ್ಕೆ ಮೇಯರ್ ಆಗಿ ಆಯ್ಕೆಯಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು; ಅದು 2019ರ ಮಾತು. ಅದಕ್ಕಿಂತ ಇಪ್ಪತ್ತೇಳು ವರ್ಷ ಮೊದಲು ಕೇಂಬ್ರಿಜ್‌ನಂಥ ಸಣ್ಣ ಊರಿನಲ್ಲಿ ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯೇ ನನ್ನನ್ನು ಅಲ್ಲಿಗೆ ಕರೆದೊಯ್ದಿತು.

ಸೆಂಟ್ರಲ್ ಸ್ಕ್ವೇರ್‌ನಲ್ಲಿ ಹಾರ್ವರ್ಡ್‌ನ ಇಟ್ಟಿಗೆಗೆಂಪು ಗಾಂಭೀರ್ಯ ಕಾಣುವುದಿಲ್ಲ. ಬಸ್ಸುಗಳ ಗದ್ದಲ, ಕೊರಿಯನ್ ದಿನಸಿ ಅಂಗಡಿ, ಹೈಟಿ ಮತ್ತು ಇಥಿಯೋಪಿಯಾ ಮೂಲದ ಜನ, ಬೆಂಚಿನ ಮೇಲೆ ಮಲಗಿದ ಮನೆಯಿಲ್ಲದವರು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ರೀವ್ಸ್ ತಮ್ಮ ರಾಜಕೀಯ ಜೀವನದ ಕೊನೆಯವರೆಗೂ ಬಿಡದೆ ಹಚ್ಚಿಕೊಂಡಿದ್ದ ಜಾಗ ಇದು. ಸೆಂಟ್ರಲ್ ಸ್ಕ್ವೇರ್‌ನ ಸೊಗಸು ಮತ್ತು ಸಂಕಟಗಳೆರಡನ್ನೂ ಪರಿಶೀಲಿಸಲೆಂದು 2011ರಲ್ಲಿ ರಚನೆಯಾದ ‘ರೆಡ್ ರಿಬ್ಬನ್ ಕಮಿಷನ್’ಗೆ ಅವರೇ ಅಧ್ಯಕ್ಷರಾಗಿದ್ದರು. ಸಮಿತಿಯ ಪೂರ್ಣ ಹೆಸರಿನಲ್ಲಿ ಸಂಕಟಗಳ ಜೊತೆಗೆ ಸೊಗಸನ್ನೂ ಸೇರಿಸಿದ್ದು ನನಗೆ ಬಹಳ ಹಿಡಿಸಿತು. ಬಡವರಿರುವ ಬೀದಿಯನ್ನು ಬರೀ ಸಮಸ್ಯೆಯೆಂದು ನೋಡದ ಕಣ್ಣು ಆಡಳಿತದಲ್ಲಿ ಅಪರೂಪ.

ಸಿಟಿ ಹಾಲ್ ರಸ್ತೆಗಿಂತ ತುಸು ಎತ್ತರದಲ್ಲಿ, ಹುಲ್ಲುಹಾಸಿನ ಹಿಂದೆ, ಎತ್ತರದ ಗಡಿಯಾರ ಗೋಪುರದೊಂದಿಗೆ ನಿಂತಿದೆ. 1889ರ ಸುಮಾರಿಗೆ ಕಟ್ಟಿದ ಈ ಕಲ್ಲಿನ ಭವನಕ್ಕೆ ಹಣ ಕೊಟ್ಟವರು ಇದೇ ಊರಿನ ಸಿರಿವಂತ ಫ್ರೆಡರಿಕ್ ಹೇಸ್ಟಿಂಗ್ಸ್ ರಿಂಡ್ಜ್. ಊರಿನ ಸಾರ್ವಜನಿಕ ಗ್ರಂಥಾಲಯವೂ ಅವರದೇ ಕೊಡುಗೆ. ಮೆಟ್ಟಿಲು ಹತ್ತಿ ತಲೆಯೆತ್ತಿದರೆ, ಬಾಗಿಲ ಕಮಾನಿನ ಮೇಲೆ ರಿಂಡ್ಜ್ ಬರೆಸಿದ ಸಾಲುಗಳು ಕಲ್ಲಿನಲ್ಲಿ ಕಾಣುತ್ತವೆ: ದೇವರು ಮನುಷ್ಯರಿಗೆ ಕಟ್ಟಳೆಗಳನ್ನು ಕೊಟ್ಟಿದ್ದಾನೆ, ಅವುಗಳಿಂದ ಮನುಷ್ಯರು ತಮ್ಮನ್ನು ಆಳಿಕೊಳ್ಳುವ ಕಾನೂನುಗಳನ್ನು ರೂಪಿಸಿಕೊಂಡಿದ್ದಾರೆ, ಅವುಗಳನ್ನು ನಿಷ್ಠೆಯಿಂದ ನಡೆಸಿ ಜನರ ಸೇವೆ ಮಾಡುವುದು ಗೌರವದ ಕೆಲಸ ಎಂಬುದು ಅವುಗಳ ತಾತ್ಪರ್ಯ. ಈ ಸಾಲುಗಳ ಕೆಳಗಿನಿಂದಲೇ 2004ರ ಮೇ 17ರ ಮಧ್ಯರಾತ್ರಿ ಜೋಡಿಗಳು ಒಳಹೋದರು. 2003ರ ನವೆಂಬರಿನಲ್ಲಿ ಕೇಂಬ್ರಿಜ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸಲಿಂಗ ವಿವಾಹವನ್ನು ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತ್ತು. ಆ ತೀರ್ಪು ಜಾರಿಗೆ ಬರುವ ದಿನ ಬೆಳಗಾಗುವವರೆಗೂ ಕಾಯದೆ, ಗಡಿಯಾರ ಹನ್ನೆರಡು ದಾಟುತ್ತಿದ್ದಂತೆ ಕಚೇರಿ ತೆರೆದು ಅರ್ಜಿ ಸ್ವೀಕರಿಸಿದ ಊರು ಕೇಂಬ್ರಿಜ್. ಹುಲ್ಲುಹಾಸಿನ ಮೇಲೆ ಸಾವಿರಾರು ಜನ ಕೂಗಿ ಸಂಭ್ರಮಿಸಿದರು. ರೀವ್ಸ್ ಆಗ ಮೇಯರ್ ಆಗಿರಲಿಲ್ಲ, ಕೌನ್ಸಿಲರ್ ಆಗಿದ್ದರು. ಆದರೆ ಆ ರಾತ್ರಿಯ ಹಿಂದೆ ದೀರ್ಘ ತಯಾರಿಯಿತ್ತು. 1984ರಲ್ಲೇ ಊರಿನ ಮಾನವ ಹಕ್ಕುಗಳ ಕಟ್ಟಳೆ ಬಂದಿತ್ತು. ರೀವ್ಸ್ ಮೇಯರ್ ಆದ 1992ರಲ್ಲೇ, ಮದುವೆಯಾಗಲು ಕಾನೂನು ಬಿಡದ ಜೋಡಿಗಳನ್ನು ಸಂಗಾತಿಗಳೆಂದು ನೋಂದಾಯಿಸಿಕೊಳ್ಳುವ ಕಟ್ಟಳೆಯನ್ನೂ ನಗರ ಮಾಡಿಕೊಂಡಿತ್ತು.

ರೀವ್ಸ್ ಹುಟ್ಟಿದ್ದು 1951ರಲ್ಲಿ, ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದು, ಕೇಂಬ್ರಿಜ್‌ನಲ್ಲಿ ನೆಲೆಸಿದರು. 1989ರಲ್ಲಿ ಮೊದಲ ಸಲ ಸಿಟಿ ಕೌನ್ಸಿಲ್‌ಗೆ ಗೆದ್ದರು. 1992ರಿಂದ 1995ರವರೆಗೆ ಸತತ ಎರಡು ಅವಧಿಗೆ, ಮತ್ತೆ 2006 ಮತ್ತು 2007ರಲ್ಲಿ ಮೇಯರ್ ಆಗಿದ್ದರು. ಈ ಊರಿನಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಕಪ್ಪುವರ್ಣೀಯರೂ ಅವರೇ.

ಅವರ ಗೆಲುವನ್ನು ಅರ್ಥಮಾಡಿಕೊಳ್ಳಲು ಮೊದಲು ಈ ಊರಿನ ಚುನಾವಣೆಯನ್ನು ಅರ್ಥಮಾಡಿಕೊಳ್ಳಬೇಕು. ನಾನು ಹೋದದ್ದು ಚುನಾವಣೆಯ ಋತುವಿನಲ್ಲಿ. ಮನೆಗಳ ಮುಂದಿನ ಅಂಗಳದಲ್ಲಿ, ಅಂಗಡಿಗಳ ಗಾಜಿನ ಮೇಲೆ ಅಭ್ಯರ್ಥಿಗಳ ಫಲಕಗಳಿದ್ದವು. ಒಂದೇ ಅಂಗಳದಲ್ಲಿ ಮೂರು ನಾಲ್ಕು ಜನರ ಫಲಕಗಳು ಅಕ್ಕಪಕ್ಕ ನಿಂತಿದ್ದನ್ನು ಕಂಡು ಮೊದಲು ಅಚ್ಚರಿಯಾಯಿತು. ಇಲ್ಲಿ ವಾರ್ಡುಗಳಿಲ್ಲ, ಒಂಬತ್ತು ಸ್ಥಾನಗಳಿಗೂ ಇಡೀ ಊರೇ ಒಂದು ಕ್ಷೇತ್ರ. ಮತದಾರರು ತಮಗೆ ಬೇಕಾದವರ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಸೂಚಿಸುತ್ತಾರೆ. ನಮ್ಮಲ್ಲಿ ಶಾಸಕರು ರಾಜ್ಯಸಭೆಗೆ ಮತ ಹಾಕುವ ಕ್ರಮವೇ ಇದು. ಅಲ್ಲಿ ಅದು ಸಾಮಾನ್ಯ ಜನರ ಕೈಯಲ್ಲಿದೆ ಅಷ್ಟೆ. ಸಿಂಧುವಾದ ಮತಗಳಲ್ಲಿ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಿಕ್ಕಿದವರು ಗೆದ್ದಂತೆ. ಗೆದ್ದವರ ಹೆಚ್ಚುವರಿ ಮತಗಳೂ ಸೋತು ಹೊರಬಿದ್ದವರ ಮತಗಳೂ ಮುಂದಿನ ಪ್ರಾಶಸ್ತ್ಯದವರಿಗೆ ವರ್ಗವಾಗುತ್ತವೆ. 1997ರಲ್ಲಿ ಕಂಪ್ಯೂಟರ್ ಬರುವ ತನಕ ಈ ಎಣಿಕೆಯನ್ನು ದಿನಗಟ್ಟಲೆ ಕೈಯಿಂದಲೇ ಮಾಡುತ್ತಿದ್ದರು.

ಕಪ್ಪು ಜನರು ಊರಿನ ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸು ಇದ್ದಾರೆ. ಬಹುಮತದವರೇ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳುವ ಸಾಮಾನ್ಯ ಪದ್ಧತಿಯಲ್ಲಿ ಇಂಥ ಸಮುದಾಯದ ಅಭ್ಯರ್ಥಿ ಉಳಿದವರ ಕೃಪೆಗಾಗಿ ಕಾಯಬೇಕಾಗುತ್ತದೆ. ಇಲ್ಲಿ ಹಾಗಲ್ಲ. ತನ್ನನ್ನು ನಂಬುವ ಹತ್ತನೇ ಒಂದು ಪಾಲು ಜನರನ್ನು ಊರಿನ ಯಾವ ಮೂಲೆಯಿಂದ ಕೂಡಿಸಿಕೊಂಡರೂ ಸಾಕು: ಬಾಡಿಗೆದಾರರು, ಕಪ್ಪು ಕುಟುಂಬಗಳು, ಸಲಿಂಗಿಗಳು, ವಿಶ್ವವಿದ್ಯಾಲಯದ ಉದಾರವಾದಿಗಳು. ರೀವ್ಸ್ ಅವರ ರಾಜಕೀಯ ಪ್ರತಿಭೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅವರ ಗೆಲುವಿಗೆ ಕಾರಣವಾಗಿ ‘ಕೇಂಬ್ರಿಜ್ ಪ್ರಗತಿಪರ ಊರು’ ಎಂಬ ವಿವರಣೆಯನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವವರನ್ನು ಕಂಡರೆ, ಚುನಾವಣಾ ಪದ್ಧತಿಯ ಈ ದೊಡ್ಡ ಪಾತ್ರವನ್ನು ಅವರಿಗೆ ತಿಳಿಸಬೇಕೆನಿಸುತ್ತದೆ. ಓಹಾಯೊದ ಸಿನ್ಸಿನ್ಯಾಟಿಯಲ್ಲೂ ಇದೇ ಪದ್ಧತಿಯಿತ್ತು. ಥಿಯೊಡೋರ್ ಬೆರಿ ಎಂಬ ಕಪ್ಪುವರ್ಣೀಯ ಕೌನ್ಸಿಲರ್ ಅಲ್ಲಿ ಮೇಯರ್ ಆಗಿಬಿಡಬಹುದೆಂಬ ಭಯವನ್ನು ಜನರಲ್ಲಿ ಬಿತ್ತಿ, 1957ರಲ್ಲಿ ಆ ಪದ್ಧತಿಯನ್ನೇ ಮತದಾನದ ಮೂಲಕ ತೆಗೆದುಹಾಕಿದರು. ಬೆರಿ ಮೇಯರ್ ಆಗಲು 1972ರವರೆಗೆ ಕಾಯಬೇಕಾಯಿತು. ಕೇಂಬ್ರಿಜ್ 1941ರಿಂದ ಇಂದಿನವರೆಗೂ ತನ್ನ ಪದ್ಧತಿಯನ್ನು ಬಿಟ್ಟುಕೊಟ್ಟಿಲ್ಲ.

ಹಾಗೆಂದು ಈ ದಾರಿಯನ್ನು ರೀವ್ಸ್ ಒಬ್ಬರೇ ತೆರೆದರೆಂದೂ ಅಲ್ಲ. ಸಿಟಿ ಹಾಲ್‌ನಿಂದ ಪೂರ್ವಕ್ಕೆ, ‘ದಿ ಪೋರ್ಟ್’ ಎಂದು ಕರೆಯುವ ಬಡಾವಣೆಯಲ್ಲಿ ಕ್ಲೆಮೆಂಟ್ ಮಾರ್ಗನ್ ಹೆಸರಿನ ಉದ್ಯಾನವಿದೆ. ವರ್ಜೀನಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಕಾನೂನು ಓದಿ, 1890ರ ದಶಕದಲ್ಲೇ ಈ ಊರಿನ ಆಡಳಿತಕ್ಕೆ ಆಯ್ಕೆಯಾದವರು ಮಾರ್ಗನ್. ನಾನು ಹೋದಾಗ ಅಲ್ಲಿ ಮಕ್ಕಳು ಜಾರುಬಂಡೆಯ ಸುತ್ತ ಓಡಾಡುತ್ತಿದ್ದರು. ಇನ್ನು ನದಿಯ ಕಡೆಗಿನ ರಿವರ್‌ಸೈಡ್ ಬಡಾವಣೆಯ ಸಾಂಡ್ರಾ ಗ್ರಹಾಂ ಎಂಬ ತಾಯಿ, ಹಾರ್ವರ್ಡ್ ತಮ್ಮ ಬೀದಿಗಳನ್ನು ನುಂಗುತ್ತಿದೆಯೆಂದು 1970ರಲ್ಲಿ ಅದರ ಘಟಿಕೋತ್ಸವದ ವೇದಿಕೆಯನ್ನೇ ನೆರೆಹೊರೆಯವರೊಂದಿಗೆ ಏರಿದರು. ಮರುವರ್ಷ ಕೌನ್ಸಿಲ್‌ಗೆ ಗೆದ್ದರು. ರೀವ್ಸ್ ಅವರಿಗೆ ಮೊದಲೇ ಇಂಥವರು ಇದ್ದರು.

ಕೇಂಬ್ರಿಜ್‌ನಲ್ಲಿ ಮೇಯರ್‌ಗಿರುವ ಅಧಿಕಾರ ಬಹಳವಲ್ಲ ಎಂಬುದು ಕನ್ನಡದ ಓದುಗರಿಗೆ ಬೇಗ ಅರ್ಥವಾಗುವ ಸಂಗತಿ. ನಮ್ಮ ಪಾಲಿಕೆಗಳಲ್ಲಿ ಸದಸ್ಯರೇ ತಮ್ಮೊಳಗಿಂದ ಮೇಯರ್‌ರನ್ನು ಆರಿಸುವಂತೆ, ಆಡಳಿತದ ಹಿಡಿತ ಆಯುಕ್ತರ ಕೈಯಲ್ಲಿರುವಂತೆ, ಅಲ್ಲಿಯೂ ಒಂಬತ್ತು ಕೌನ್ಸಿಲರ್‌ಗಳು ತಮ್ಮಲ್ಲೊಬ್ಬರನ್ನು ಎರಡು ವರ್ಷಕ್ಕೆ ಮೇಯರ್ ಆಗಿ ಆರಿಸುತ್ತಾರೆ. ನೇಮಕಾತಿ, ಪೊಲೀಸು, ದೈನಂದಿನ ಖರ್ಚುವೆಚ್ಚ ಎಲ್ಲವೂ ಸಿಟಿ ಮ್ಯಾನೇಜರ್ ಅವರದು. ಮೇಯರ್ ಸಭೆ ನಡೆಸುತ್ತಾರೆ, ಶಾಲಾ ಸಮಿತಿಯಲ್ಲೂ ಇರುತ್ತಾರೆ, ಊರಿನ ಪರವಾಗಿ ಮಾತನಾಡುತ್ತಾರೆ. ರೀವ್ಸ್ ಅವರ ಇಡೀ ಕೌನ್ಸಿಲ್ ಬದುಕು ಬಹುಪಾಲು ರಾಬರ್ಟ್ ಹೀಲಿ ಎಂಬ ಒಬ್ಬರೇ ಮ್ಯಾನೇಜರ್ ಅವರ ಕಾಲದಲ್ಲಿ ಕಳೆಯಿತು. ಹೀಲಿ 1981ರಿಂದ 2013ರವರೆಗೆ ಆ ಹುದ್ದೆಯಲ್ಲಿದ್ದರು.

ಈ ಮಿತಿ ಬಹಳ ನೋವಿನಿಂದ ಕಾಣಿಸಿದ್ದು ರೀವ್ಸ್ ಅವರ ನಂತರ ಮೇಯರ್ ಆದ ಡೆನಿಸ್ ಸಿಮನ್ಸ್ ಅವರ ಕಾಲದಲ್ಲಿ. ಶಾಲಾ ಸಮಿತಿಯಿಂದ ಬೆಳೆದು ಬಂದ ಸಿಮನ್ಸ್ 2008ರಲ್ಲಿ ಮೇಯರ್ ಆದಾಗ, ಲೆಸ್ಬಿಯನ್ ಎಂದು ಬಹಿರಂಗವಾಗಿ ಗುರುತಿಸಿಕೊಂಡ ಅಮೆರಿಕದ ಮೊದಲ ಕಪ್ಪುವರ್ಣೀಯ ಮೇಯರ್ ಎನಿಸಿದರು. ಒಂದೇ ಊರು, ಒಬ್ಬರ ಬೆನ್ನಿಗೆ ಒಬ್ಬರನ್ನು, ಹೀಗೆ ಆರಿಸಿತು. ಮರುವರ್ಷ ಜುಲೈ 16ರಂದು ಹಾರ್ವರ್ಡ್‌ನ ಹಿರಿಯ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರನ್ನು ಅವರದೇ ಮನೆಯಲ್ಲಿ ಕೇಂಬ್ರಿಜ್ ಪೊಲೀಸರು ಬಂಧಿಸಿದರು. ದೇಶದ ಅಧ್ಯಕ್ಷ ಒಬಾಮ, ರಾಜ್ಯದ ಗವರ್ನರ್ ಡೆವಲ್ ಪ್ಯಾಟ್ರಿಕ್, ಊರಿನ ಮೇಯರ್ ಸಿಮನ್ಸ್, ಮೂವರೂ ಕಪ್ಪು ಜನಾಂಗದವರೇ. ಆದರೂ ಒಬ್ಬ ಕಪ್ಪು ವಿದ್ವಾಂಸರು ಸ್ವಂತ ಮನೆಯ ಹೊಸ್ತಿಲಲ್ಲಿ ಕೈಕೋಳ ತೊಡಬೇಕಾಯಿತು. ಕೆಲವೇ ದಿನಗಳಲ್ಲಿ ಆರೋಪವನ್ನು ಕೈಬಿಟ್ಟರೂ, ಈ ಘಟನೆಯನ್ನು ನೆನೆದಾಗ ನನಗೆ ಇಂದಿಗೂ ಕಸಿವಿಸಿಯಾಗುತ್ತದೆ.

ಸೋಮವಾರ ಸಂಜೆ ಕೌನ್ಸಿಲ್ ಸೇರುತ್ತದೆ. ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಹಳೆಯ ಮರದ ಮೆಟ್ಟಿಲೇರಿ ಸಲಿವನ್ ಸಭಾಂಗಣಕ್ಕೆ ಹೋದೆ. ಅಧ್ಯಕ್ಷ ಪೀಠದಲ್ಲಿ ಆಗಿನ ಮೇಯರ್ ಸುಂಬುಲ್ ಸಿದ್ದೀಕಿ ಇದ್ದರು. ಕರಾಚಿಯಲ್ಲಿ ಹುಟ್ಟಿ, ಈ ಊರಿನ ಕಡಿಮೆ ಬಾಡಿಗೆಯ ವಸತಿಯಲ್ಲಿ ಬೆಳೆದವರು. ಸಿಮನ್ಸ್ ಕೌನ್ಸಿಲರ್‌ಗಳ ಸಾಲಿನಲ್ಲಿ ಕುಳಿತಿದ್ದರು. ಸಭೆಯ ಆರಂಭದಲ್ಲಿ ಜನರ ಮಾತಿಗೆ ಅವಕಾಶ. ಹೆಸರು ಕರೆದಂತೆ ಒಬ್ಬೊಬ್ಬರೇ ಎದ್ದು ಮೈಕಿನ ಮುಂದೆ ನಿಂತರು. ನಿಗದಿತ ಸಮಯ ಮುಗಿದೊಡನೆ ಗಂಟೆ ಬಾರಿಸಿ ಎಚ್ಚರಿಸುವುದು, ಮಾತನಾಡುವವರು ಕೊನೆಯ ವಾಕ್ಯವನ್ನು ಅವಸರದಿಂದ ಮುಗಿಸುವುದು. ಹೆಚ್ಚಿನವರ ಮಾತೆಲ್ಲ ಮನೆಯ ಬಗ್ಗೆಯೇ ಇತ್ತು.

ನನ್ನ ಪಕ್ಕದಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ವೃದ್ಧ ಕಪ್ಪು ಮಹಿಳೆಯೊಬ್ಬರನ್ನು, ರೀವ್ಸ್ ಮೇಯರ್ ಆಗಿದ್ದ ಕಾಲ ನಿಮಗೆ ನೆನಪಿದೆಯೇ ಎಂದು ಬಿಡುವಿನಲ್ಲಿ ಕೇಳಿದೆ. “ನೆನಪಿಲ್ಲದೆ ಏನು? ಆಗ ನಮ್ಮ ಬೀದಿಯಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ಬಾಡಿಗೆಯ ಬಗ್ಗೆ” ಎಂದರು. ರೀವ್ಸ್ ಸಲಿಂಗಿ ಎಂಬುದನ್ನು ಜನ ಹೇಗೆ ತೆಗೆದುಕೊಂಡರು ಎಂದಾಗ, “ಕೆಲವರಿಗೆ ಇಷ್ಟವಾಗಲಿಲ್ಲ, ಚರ್ಚಿನಲ್ಲಿ ಅಂಥ ಮಾತು ಬರುತ್ತಿತ್ತು. ಆದರೆ ಮನೆ ಬಿಡಿಸುವ ನೋಟಿಸ್ ಬಂದಾಗ ಅವರೂ ಅವನ ಹತ್ತಿರವೇ ಹೋದರು” ಎಂದು ಹೇಳಿ, ಮತ್ತೆ ಸಭೆಯ ಕಡೆಗೆ ತಿರುಗಿದರು.

ಬಾಡಿಗೆಯ ಆ ಕಥೆಯೇ ರೀವ್ಸ್ ಕಾಲದ ದೊಡ್ಡ ಸೋಲು. 1970ರಿಂದ ಕೇಂಬ್ರಿಜ್‌ನಲ್ಲಿ ಬಾಡಿಗೆ ನಿಯಂತ್ರಣವಿತ್ತು. ಮಾಲೀಕರ ಸಂಘಟನೆಗಳು ಅದನ್ನು ಇಡೀ ರಾಜ್ಯದ ಮತದಾನಕ್ಕೆ ಕೊಂಡೊಯ್ದವು. ಬಾಡಿಗೆ ನಿಯಂತ್ರಣದ ಮನೆಯಲ್ಲೇ ವಾಸವಿದ್ದ ರೀವ್ಸ್ ಅವರನ್ನೇ ಬೊಟ್ಟುಮಾಡಿ, ಈ ಕಾನೂನಿನ ಲಾಭ ಬಡವರಿಗಲ್ಲ, ಇಂಥ ಅನುಕೂಲಸ್ಥರಿಗೆ ಎಂದು ವಿರೋಧಿಗಳು ಪ್ರಚಾರ ಮಾಡಿದರು; ಆ ಟೀಕೆಯಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. 1994ರ ನವೆಂಬರಿನಲ್ಲಿ, ನಿಯಂತ್ರಣವಿದ್ದ ಕೇಂಬ್ರಿಜ್, ಬಾಸ್ಟನ್ ಮತ್ತು ಬ್ರೂಕ್‌ಲೈನ್‌ನ ಮತದಾರರು ಅದನ್ನು ಉಳಿಸಬೇಕೆಂದರೂ, ರಾಜ್ಯದ ಉಳಿದ ಭಾಗದ ಮತಗಳಿಂದ ಅಲ್ಪ ಅಂತರದಲ್ಲಿ ಅದು ರದ್ದಾಯಿತು. ಮನೆಗಳ ಬೆಲೆ ಏರಿತು. ಬಹಳಷ್ಟು ಹಳೆಯ ಕುಟುಂಬಗಳು ಊರು ಬಿಟ್ಟವು.

ರೀವ್ಸ್ ಸತತವಾಗಿ ಇಪ್ಪತ್ತನಾಲ್ಕು ವರ್ಷ ಕೌನ್ಸಿಲರ್ ಆಗಿದ್ದು, 2013ರ ನವೆಂಬರಿನಲ್ಲಿ ಸೋತರು. ತಮ್ಮನ್ನು ಅಷ್ಟು ಸಲ ಗೆಲ್ಲಿಸಿದ ಪ್ರಾಶಸ್ತ್ಯದ ಮತಗಳೇ ಆ ಸಲ ಕೂಡಿಬರಲಿಲ್ಲ. ಆಮೇಲೂ ಸಾರ್ವಜನಿಕ ಬದುಕನ್ನು ಬಿಡದೆ, ಎನ್‌ಎಎಸಿಪಿ ಎಂಬ ಹಳೆಯ ನಾಗರಿಕ ಹಕ್ಕುಗಳ ಸಂಸ್ಥೆಯ ಕೇಂಬ್ರಿಜ್ ಶಾಖೆಯ ಅಧ್ಯಕ್ಷರಾಗಿ ಕೆಲಸ ಮಾಡಿದರು.

ನಾನು ಅಲ್ಲಿದ್ದ ಆ ಅಕ್ಟೋಬರಿನಲ್ಲೇ ಕೌನ್ಸಿಲ್ ಮನೆಗಳ ವಿಷಯದಲ್ಲಿ ಒಂದು ದಿಟ್ಟ ತೀರ್ಮಾನ ತೆಗೆದುಕೊಂಡಿತು. ಪೂರ್ತಿಯಾಗಿ ಕೈಗೆಟುಕುವ ದರದ ಮನೆಗಳನ್ನೇ ಕಟ್ಟುವುದಾದರೆ ಮುಖ್ಯ ರಸ್ತೆಗಳಲ್ಲಿ ಹನ್ನೆರಡು ಮಹಡಿ, ಸೆಂಟ್ರಲ್‌ನಂಥ ಸ್ಕ್ವೇರ್‌ಗಳಲ್ಲಿ ಹದಿನೈದು ಮಹಡಿಯವರೆಗೂ ಏರಿಸಬಹುದೆಂಬ ತಿದ್ದುಪಡಿ ಆರು ಮತಗಳಿಗೆ ಮೂರು ಮತಗಳಂತೆ ಅಂಗೀಕಾರವಾಯಿತು. ಸಿಮನ್ಸ್ ಅದರ ಪರವಾಗಿದ್ದರು. ಮುಂದಿನ ತಿಂಗಳ ಚುನಾವಣೆಯಲ್ಲಿ ಮತ್ತೆ ಗೆದ್ದು, 2024ರ ಜನವರಿಯಲ್ಲಿ ಸಹ ಕೌನ್ಸಿಲರ್‌ಗಳ ಮತದಿಂದ ಅವರು ಮೂರನೆಯ ಬಾರಿಗೆ ಕೇಂಬ್ರಿಜ್‌ನ ಮೇಯರ್ ಆದರು.